ಹತ್ತನೇ ಕ್ಲಾಸು ಅಂತ ಮೈದಾನ ಬಿಡಿಸಬೇಡಿ ಅಕ್ಕಾ

ಅಕ್ಕಾ, ಹೂವು ಕೊಯ್ದಾದ ಮೇಲೆ ಸ್ವಲ್ಪ ಈ ಕಡೆ ಬನ್ನಿ. ನಿಮ್ಮ ಮಗಳ ವಿಷಯ ಮಾತಾಡಬೇಕು. ಶಾಲೆಗೆ ಕರೆಸಿ ಮಾತಾಡಿದರೆ ಟೀಚರು, ಪೋಷಕರು ಅಂತ ಆಗಿಬಿಡ್ತದೆ. ಬೇಲಿ ಹತ್ತಿರ ಆದರೆ ನಾವು ನಾವೇ.

“ಈ ವರ್ಷ ಆಟ ಬೇಡ ಟೀಚರೇ, ಎಸ್ಸೆಸ್ಸೆಲ್ಸಿ” ಅಂತ ಅವಳ ಕೈಲೇ ಹೇಳಿ ಕಳಿಸಿದ್ರಲ್ಲ, ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನಿಮ್ಮ ಮೇಲೆ ನನಗೆ ಬೇಸರ ಇಲ್ಲ. ಪ್ರತಿ ಜೂನ್‌ನಲ್ಲೂ ಇದೇ ಆಗೋದು. ಎಂಟನೇ ಕ್ಲಾಸಿಗೆ ಬರುವಾಗ ಮಕ್ಕಳಿಗೆ ಸರಿಯಾಗಿ ಕೂತು ಏಳೋದೂ ಗೊತ್ತಿರೋದಿಲ್ಲ. ಖೋ ಖೋದಲ್ಲಿ ಎಂಟು ಜನ ಸಾಲಾಗಿ ಕೂರಬೇಕು, ಒಬ್ಬರು ಓಡಿಸಬೇಕು. ಪಕ್ಕದವಳು ಆ ಕಡೆ ಮುಖ ಮಾಡಿದರೆ ತಾನು ಈ ಕಡೆ ಮುಖ ಮಾಡಬೇಕು ಅನ್ನೋದು ತಲೆಗೆ ಹೋಗೋಕೇ ಒಂದು ಮಳೆಗಾಲ ಬೇಕು. ಒಂಬತ್ತರಲ್ಲಿ ಕಂಬ ಹಿಡಿದು ತಿರುಗೋದು, ಡೈವ್ ಹೊಡೆಯೋದು ಬರ್ತದೆ. ಹತ್ತರಲ್ಲಿ ಆಟ ಕಣ್ಣಿಗೆ ಕಾಣೋಕೆ ಶುರು ಆಗ್ತದೆ. ಎದುರಿನವಳು ಎತ್ತ ನುಗ್ತಾಳೆ ಅಂತ ಅವಳು ಹೆಜ್ಜೆ ಇಡೋ ಮೊದಲೇ ಗೊತ್ತಾಗ್ತದೆ. ಆ ಹೊತ್ತಿಗೆ ಸರಿಯಾಗಿ ಮನೆಯವರು ಬೇಡ ಅಂತಾರೆ.

ನೀವು ನೋಡೋದು ಬಹುಮಾನ ತಂದ ದಿನ ಮಾತ್ರ. ಅದರ ಹಿಂದಿನ ವರ್ಷ ಹೇಗಿರ್ತದೆ ಅಂತ ಕೇಳಿ.

ಶಾಲೆ ಶುರುವಾಗೋದೂ ನಮ್ಮ ಮಲೆನಾಡಿನ ಮಳೆ ಹಿಡಿಯೋದೂ ಒಟ್ಟಿಗೇ. ಬಯಲುಸೀಮೆಯ ಟೀಚರುಗಳು ಜೂನ್ ಕೊನೆಗೆಲ್ಲ ಮೈದಾನದಲ್ಲಿ ಮಕ್ಕಳನ್ನು ಓಡಿಸ್ತಿರ್ತಾರೆ. ನಮ್ಮ ಮೈದಾನದಲ್ಲಿ ಕಾಲಿಟ್ಟರೆ ಹಿಮ್ಮಡಿ ಮುಳುಗ್ತದೆ, ಅಂಚಿನ ಹುಲ್ಲಲ್ಲಿ ಉಂಬಳ. ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟರೆ ಅಭ್ಯಾಸವೂ ನಿಂತ ಹಾಗೇ. ಹಾಗಂತ ಕ್ರೀಡಾಕೂಟದ ತಾರೀಖು ಮುಂದೆ ಹೋಗ್ತದಾ? ಇಲ್ಲ. ರಾಜ್ಯಕ್ಕೆಲ್ಲ ಒಂದೇ ಲೆಕ್ಕ. ಅದಕ್ಕೇ ನಾನು ಜಗಲಿಯಲ್ಲೇ ಶುರು ಮಾಡೋದು. ಹಗ್ಗದಾಟ, ಬಸ್ಕಿ, ಗೋಡೆಗೆ ಕೈ ಕೊಟ್ಟು ಮೊಣಕಾಲು ಎತ್ತೋದು, ಬೇಟನ್ ಕೈಯಿಂದ ಕೈಗೆ ದಾಟಿಸೋದು. ರಿಲೇ ಮಕ್ಕಳು ಸಾಲಾಗಿ ನಿಂತು, ಹಿಂದೆ ತಿರುಗಿ ನೋಡದೆ ಕೈ ಚಾಚಿ ಬೇಟನ್ ತಗೋಬೇಕು. ಓಟದಲ್ಲಿ ಅದಕ್ಕೆ ಸಿಗೋ ಜಾಗ 30 ಮೀಟರ್. ಅದರೊಳಗೆ ಕೈ ಬದಲಾಗದಿದ್ದರೆ ನಾಲ್ಕೂ ಜನರ ಓಟ ವ್ಯರ್ಥ. ಆ ನಂಬಿಕೆ ಬರೋದು ಇದೇ ಜಗಲಿಯಲ್ಲಿ, ಹೆಂಚಿನ ಮೇಲೆ ಮಳೆ ಸುರಿಯುವಾಗ.

ಒಂದು ನಾಲ್ಕು ದಿನ ಹೊಳವಾದರೆ ಟ್ರ್ಯಾಕ್ ಹಾಕೋ ಕೆಲಸ. ಇದನ್ನ ಹೇಳಲೇಬೇಕು, ಯಾಕಂದ್ರೆ ಆಟ ಆಡಿದರೆ ಓದು ಕೆಡ್ತದೆ ಅಂತೀರಲ್ಲ, ಅದಕ್ಕೆ ಉತ್ತರ ಇದರಲ್ಲೇ ಇದೆ. ನಮ್ಮ ಮೈದಾನದಲ್ಲಿ 400 ಮೀಟರಿನ ಟ್ರ್ಯಾಕ್ ಹಿಡಿಸೋದಿಲ್ಲ, 200ರದ್ದೇ ಹಾಕೋದು. ನೂರು ಮೀಟರ್ ಓಟಕ್ಕೆ ನೇರ ಜಾಗ ಸಾಲದೆ ಮೂಲೆಯಿಂದ ಮೂಲೆಗೆ ಗೆರೆ ಎಳೀತೀವಿ. ಎರಡು ಗೂಟ, ಒಂದು ಹಗ್ಗ, ಅಳತೆ ಟೇಪು, ಬುಟ್ಟಿ ತುಂಬ ಸುಣ್ಣದ ಪುಡಿ. ಒಂದು ಲೇನಿನ ಅಗಲ 1.22 ಮೀಟರ್. ಹೊರಗಿನ ಲೇನಿನವಳಿಗೆ ಸುತ್ತು ದೊಡ್ಡದಾಗ್ತದಲ್ಲ, ಅದಕ್ಕೆ ಅವಳನ್ನ ಮುಂದೆ ನಿಲ್ಲಿಸಬೇಕು. ಎಷ್ಟು ಮುಂದೆ? ಹೋದ ವರ್ಷ ನಿಮ್ಮ ಮಗಳ ಕೈಲೇ ಮಾಡಿಸಿದೆ ಈ ಲೆಕ್ಕಾನ. ನೇರ ಓಡೋ ಜಾಗದಲ್ಲಿ ವ್ಯತ್ಯಾಸ ಇಲ್ಲ, ತಿರುವಿನಲ್ಲಿ ಮಾತ್ರ. ಎರಡು ಅರ್ಧ ವೃತ್ತ ಸೇರಿದರೆ ಒಂದು ಪೂರ್ತಿ ವೃತ್ತ. ಹಾಗಾದರೆ ಎರಡು ಪೈಯನ್ನ 1.22ರಿಂದ ಗುಣಿಸಿದರೆ ಮುಗೀತು, 7.67 ಮೀಟರ್ ಹತ್ತಿರ ಬರ್ತದೆ. ಒಂದು ಸುತ್ತಿನ ಓಟಕ್ಕೆ ಒಂದೊಂದು ಲೇನಿಗೂ ಅಷ್ಟಷ್ಟು ಮುಂದೆ. ಅವಳು ಸುಣ್ಣದ ಕೈಯಲ್ಲೇ ನಿಂತು ಕೇಳಿದಳು, “ಟೀಚರ್, ದೊಡ್ಡ ಟ್ರ್ಯಾಕಾದರೆ ಇದು ಜಾಸ್ತಿ ಆಗೋದಿಲ್ವಾ?” ನೀನೇ ಮಾಡಿ ನೋಡು ಅಂದೆ. ತ್ರಿಜ್ಯ ಎರಡು ಕಡೆಯಿಂದಲೂ ಕಳೆದು ಹೋಗ್ತದೆ, ಟ್ರ್ಯಾಕ್ 200ರದ್ದಾಗಲಿ 400ರದ್ದಾಗಲಿ ಉತ್ತರ ಒಂದೇ. ಅದು ಗೊತ್ತಾದಾಗ ಅವಳ ಮುಖ ನೋಡಬೇಕಿತ್ತು ನೀವು. ವೃತ್ತದ ಪಾಠ ಇನ್ನು ಅವಳಿಗೆ ಮರೆಯೋದಿಲ್ಲ ಅಂತ ಗಣಿತದ ಮೇಷ್ಟ್ರ ಎದುರೇ ಹೇಳ್ತೇನೆ.

ರಾತ್ರಿ ಮಳೆ ಹೊಡೆದರೆ ಬೆಳಿಗ್ಗೆ ಗೆರೆ ಇರೋದಿಲ್ಲ, ಅದೊಂದು ಸಂಕಟ. ಮತ್ತೆ ಎಳೀಬೇಕು. ಉದ್ದ ಜಿಗಿತದ ಗುಂಡಿಯಲ್ಲಿ ನೀರು ನಿಂತರೆ ಬಕೆಟ್ಟಲ್ಲಿ ಮೊಗೆದು ಹಾಕಿ, ಮಿಲ್ಲಿನಿಂದ ಮರದ ಹೊಟ್ಟು ತಂದು ಸುರೀಬೇಕು. ಮಕ್ಕಳು ಅದನ್ನ ಕೆಲಸ ಅಂತ ತಿಳಿಯೋದೇ ಇಲ್ಲ.

ಆಮೇಲೆ ಹೋಬಳಿ ಮಟ್ಟ. ಅಲ್ಲಿ ಗೆದ್ದರೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಅಂತ ನಾಲ್ಕು ವಿಭಾಗ. ಅದರಾಚೆ ರಾಷ್ಟ್ರ ಮಟ್ಟದ ಶಾಲಾ ಕ್ರೀಡಾಕೂಟ, 1954ರಲ್ಲಿ ಹುಟ್ಟಿದ ಸ್ಕೂಲ್ ಗೇಮ್ಸ್ ಫೆಡರೇಶನ್ ನಡೆಸೋದು. ಮೆಟ್ಟಿಲು ಎಣಿಸೋದು ಸುಲಭ. ಆದರೆ ಹೆಚ್ಚಿನ ಮಕ್ಕಳ ವರ್ಷ ಹೋಬಳಿಯಲ್ಲೇ ಮುಗೀತದೆ. ಗುಂಪು ಆಟ ಎಲ್ಲ ಸೋತರೆ ಹೊರಗೆ ಅನ್ನೋ ಪದ್ಧತಿ. ಹದಿನಾರು ತಂಡ ಬಂದರೆ ಎಂಟು ತಂಡಕ್ಕೆ ಒಂದೇ ಮ್ಯಾಚು. ಜೂನ್‌ನಿಂದ ಜಗಲಿಯಲ್ಲಿ ಬಸ್ಕಿ ಹೊಡೆದ ಮಕ್ಕಳು ಅರ್ಧ ಗಂಟೆಯಲ್ಲಿ ಆಟ ಮುಗಿಸಿ ಬೇರೆಯವರ ಆಟ ನೋಡ್ತಾ ಕೂರ್ತಾರೆ. ಇದು ನನಗೆ ಒಪ್ಪಿಗೆ ಇಲ್ಲ ಅಕ್ಕಾ. ಪ್ರತಿ ತಂಡಕ್ಕೂ ಎರಡು ಮೂರು ಆಟ ಸಿಗೋ ಹಾಗೆ ಲೀಗ್ ಮಾಡಬೇಕು, ದಿನ ಹೆಚ್ಚಾದರೂ ಚಿಂತೆಯಿಲ್ಲ. ಮೀಟಿಂಗಿನಲ್ಲೂ ಇದನ್ನೇ ಹೇಳ್ತಿರ್ತೇನೆ.

ಆದರೂ ಹೋಬಳಿ ಕೂಟದ ದಿನ ಅಂದರೆ ದಿನವೇ. ಬೆಳಿಗ್ಗೆ ಟೆಂಪೋ ಬರೋ ಮೊದಲೇ ಮಕ್ಕಳು ಶಾಲೆ ಗೇಟಿನ ಹತ್ತಿರ. ಬೆನ್ನಿಗೆ ಚೆಸ್ಟ್ ನಂಬರು, ಪಿನ್ನು ಸಾಲದೆ ಒಬ್ಬರದ್ದು ಇನ್ನೊಬ್ಬರಿಗೆ. ಆಟ ಆಡಿಸೋ ಶಾಲೆಯವರದ್ದೇ ಅಡುಗೆ, ಮಧ್ಯಾಹ್ನ ಅನ್ನ ಸಾಂಬಾರು ಪಾಯಸ. ಪಂಚಾಯ್ತಿಯವರು, ಹಳೇ ವಿದ್ಯಾರ್ಥಿಗಳು ಟ್ರೋಫಿ ಕೊಡ್ತಾರೆ. ಸಂಜೆ ಪಾಯಿಂಟ್ ಕೂಡಿಸಿ ವೀರಾಗ್ರಣಿ ಯಾರು ಅಂತ ಮೈಕಿನಲ್ಲಿ ಕೂಗೋವರೆಗೆ ಯಾರೂ ಕದಲೋದಿಲ್ಲ. ಕ್ಲಾಸಿನಲ್ಲಿ ಮಾತಾಡೋಕೆ ನಾಚೋ ಹುಡುಗಿ ಅಲ್ಲಿ ರೆಫರಿ ಹತ್ತಿರ ಹೋಗಿ, “ಸರ್, ಅವಳ ಕಾಲು ಗೆರೆ ದಾಟಿತ್ತು” ಅಂತ ಕೇಳ್ತಾಳೆ. ಸೋತ ತಂಡದ ಹುಡುಗಿ ಗೆದ್ದವಳ ಕಾಲಿಗೆ ಐಸ್ ಹಿಡೀತಾಳೆ. ಇದನ್ನೆಲ್ಲ ಯಾವ ಅಂಕಪಟ್ಟಿಯಲ್ಲಿ ಬರೆಯೋದು ಹೇಳಿ?

ಎಂತದು? ಹುಡುಗಿ ದೊಡ್ಡವಳಾದಳು ಅಂತ ಅತ್ತೆಯವರು ಅಂತಾರಾ? ಅದನ್ನೂ ನೇರ ಮಾತಾಡುವ. ಮುಟ್ಟಾದ ದಿನ ನಾನು ಯಾರನ್ನೂ ಬಲವಂತ ಮಾಡೋದಿಲ್ಲ. ಓಡ್ತೇನೆ ಅಂದವಳನ್ನ ತಡೆಯೋದೂ ಇಲ್ಲ. ಸ್ಟಾಫ್ ರೂಮಿನ ಬೀರುವಿನಲ್ಲಿ ಪ್ಯಾಡ್ ಇಟ್ಟಿರ್ತೇನೆ, ಕೂಟಕ್ಕೆ ಹೋಗುವಾಗ ನನ್ನ ಬ್ಯಾಗಿನಲ್ಲೂ ಇರ್ತದೆ. ಬಟ್ಟೆ ಬದಲಾಯಿಸೋಕೆ ಬಾಗಿಲಿರೋ ಕೋಣೆ ಕೊಡಿ ಅಂತ ಹೋದ ಶಾಲೆಯಲ್ಲಿ ಮೊದಲು ಕೇಳೋದೇ ನಾನು. ಚಡ್ಡಿ ಹಾಕೋಕೆ ಮನಸ್ಸಿಲ್ಲದಿದ್ದರೆ ಟ್ರ್ಯಾಕ್ ಪ್ಯಾಂಟ್ ಹಾಕಲಿ. ಶೂ ಒಂದು ಮಾತ್ರ ನೀವು ಕೊಡಿಸಬೇಕು. ಸರ್ಕಾರ ಕೊಡೋ ಕಪ್ಪು ಶೂ ಕ್ಲಾಸಿಗೆ ಸರಿ, ಓಟಕ್ಕೆ ಅಡಿ ಗಟ್ಟಿ. ಖೋ ಖೋ ಬರಿಗಾಲಲ್ಲೂ ಆಡಬಹುದು, ಒದ್ದೆ ನೆಲದಲ್ಲಿ ಓಡುವಾಗ ಹಿಡಿತ ಬೇಕು.

ಖೋ ಖೋ ಆಡಿ ಏನು ಸಿಗ್ತದೆ ಅಂತ ನಿಮ್ಮೆಜಮಾನರು ಕೇಳಿದರಂತೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲನೇ ಖೋ ಖೋ ವಿಶ್ವಕಪ್ ಆಯ್ತಲ್ಲ, ಹೆಣ್ಣುಮಕ್ಕಳ ಫೈನಲ್‌ನಲ್ಲಿ ನಮ್ಮವರು ನೇಪಾಳದ ಮೇಲೆ 78–40ರಲ್ಲಿ ಗೆದ್ದರು. ಆ ತಂಡದಲ್ಲಿ ಇದ್ದವಳು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ. ಹಳ್ಳಿ ಹುಡುಗಿ. ದೊಡ್ಡ ಕ್ರೀಡಾಂಗಣ ಬೇಕಾದ ಆಟ ಅಲ್ಲ ಇದು, ಎರಡು ಕಂಬ ನೆಟ್ಟರೆ ಆಯ್ತು. ನಿಮ್ಮ ಮಗಳೂ ಹಾಗೇ ಆಗ್ತಾಳೆ ಅಂತ ನಾನು ಆಸೆ ಹುಟ್ಟಿಸೋಕೆ ಹೇಳ್ತಿಲ್ಲ. ಆಗದಿದ್ದರೂ ಅವಳಿಗೆ ಮೈದಾನದ ಹಕ್ಕು ಇದೆ ಅಂತ ಹೇಳ್ತಿರೋದು. ಹೋಬಳಿಯಲ್ಲಿ ಸೋತವಳಿಗೂ ಬೆಳಗಿನ ಓಟ ಅಷ್ಟೇ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಶಾಲೆಗೆ ಆಟದ ಮೈದಾನ ಇರಬೇಕು ಅಂತ ಬರೆದಿದೆ. ಗೆಲ್ಲೋ ಮಕ್ಕಳಿಗೆ ಮಾತ್ರ ಅಂತ ಅದರಲ್ಲಿ ಎಲ್ಲೂ ಇಲ್ಲ.

ದಸರೆ ರಜೆ ಮುಗಿಯೋ ಹೊತ್ತಿಗೆ ನಮ್ಮಂಥ ಶಾಲೆಯ ಕೂಟದ ಗಡಿಬಿಡಿ ಮುಗಿದಿರ್ತದೆ. ಮುಂದಕ್ಕೆ ಹೋದ ಒಂದಿಬ್ಬರಿಗೆ ಮಾತ್ರ ಬಸ್ಸು, ಊರು, ಕಂಠೀರವ ಕ್ರೀಡಾಂಗಣದಂಥ ಸಿಂಥೆಟಿಕ್ ಟ್ರ್ಯಾಕು. ಉಳಿದವರಿಗೆ ಅಡಿಕೆ ಕೊಯ್ಲು ಬಂತು. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದ ಮಕ್ಕಳು ಬೆಳಿಗ್ಗೆ ಮಂಜಿನಲ್ಲಿ ಎದ್ದು ಬರೋದು ಕಷ್ಟ, ನಾನೂ ಕರೆಯೋದಿಲ್ಲ. ಸಂಜೆ ಕೊನೇ ಪೀರಿಯಡ್ ಸಾಕು. ಡಿಸೆಂಬರಿನಲ್ಲಿ ಶಾಲೆಯದ್ದೇ ಆಟೋಟ. ಸ್ಟೀಲ್ ಲೋಟ, ತಟ್ಟೆ ಬಹುಮಾನ, ಅದರ ಮೇಲೆ ಹೆಸರು ಕೆತ್ತಿಸಿ ಕೊಡೋದು. ಈ ಕೂಟ ನನಗೆ ಎಲ್ಲಕ್ಕಿಂತ ಇಷ್ಟ. ತಾಲ್ಲೂಕಿಗೆ ಹೋಗದ ಮಕ್ಕಳೆಲ್ಲ ಆ ದಿನ ಓಡ್ತಾರೆ.

ಫೆಬ್ರುವರಿ ಬಂತೆಂದರೆ ಹತ್ತನೇಯವರು ಮೈದಾನದ ಕಡೆ ತಿರುಗಿಯೂ ನೋಡೋ ಹಾಗಿಲ್ಲ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಓದು, ಪೂರ್ವಸಿದ್ಧತಾ ಪರೀಕ್ಷೆ. ಆಟದ ಪೀರಿಯಡ್ಡನ್ನ ಬೇರೆ ವಿಷಯದವರು ಕೇಳ್ತಾರೆ. ಅವರಿಗೂ ರಿಸಲ್ಟಿನ ಭಯ, ನನಗೆ ಅರ್ಥ ಆಗ್ತದೆ. ಆದರೆ ಪರೀಕ್ಷೆ ಮುಗಿಯೋವರೆಗೂ ಓಡದೆ, ನಗದೆ, ತೂಕಡಿಸ್ತಾ ಕೂತ ಮಕ್ಕಳ ಮುಖ ನೋಡಿ ಅಕ್ಕಾ. ತಲೆನೋವು, ಹೊಟ್ಟೆನೋವು ಅಂತ ನನ್ನ ಹತ್ತಿರ ಬರೋರು ಆಗಲೇ ಹೆಚ್ಚು. ದಿನಕ್ಕೆ ಇಪ್ಪತ್ತು ನಿಮಿಷ ಬೆವರು ಬಂದರೆ ರಾತ್ರಿ ನಿದ್ದೆ ಸರಿಯಾಗ್ತದೆ, ನಿದ್ದೆ ಸರಿಯಾದರೆ ಓದಿದ್ದು ತಲೆಯಲ್ಲಿ ನಿಲ್ತದೆ. ಈಗ ಹೇಗೂ ಒಂದಕ್ಕಿಂತ ಹೆಚ್ಚು ಪರೀಕ್ಷೆ ಅಂತ ಮಾಡಿದ್ದಾರೆ, 2024ರಿಂದ. ಒಂದರಲ್ಲಿ ಅಂಕ ಸಾಲದಿದ್ದರೆ ಇನ್ನೊಂದು ಇದೆ. ಮಕ್ಕಳ ಮೇಲಿನ ಭಾರ ಇಳಿಸೋಕೆ ಅಂತ ಮಾಡಿದ್ದು, ಮನೆಯಲ್ಲಿ ಮಾತ್ರ ಯಾಕೆ ಇನ್ನೂ ಇಳಿಸ್ತಿಲ್ಲ?

ಬೇಸಿಗೆಯ ವಿಷಯ ಯಾರೂ ಕೇಳೋದಿಲ್ಲ. ಏಪ್ರಿಲ್, ಮೇನಲ್ಲಿ ಶಾಲೆಗೆ ಬೀಗ, ಮೈದಾನ ಗಟ್ಟಿ, ಮಳೆ ಇಲ್ಲ. ಇಡೀ ವರ್ಷದಲ್ಲಿ ಓಡೋಕೆ ಒಳ್ಳೇ ಕಾಲ ಅದೇ, ಆಗ ಮಕ್ಕಳೇ ಇರೋದಿಲ್ಲ. ನಿಮ್ಮ ಮಗಳು ಈ ಸಲ ರಜೆಯಲ್ಲಿ ಅಜ್ಜಿ ಮನೆ ಗುಡ್ಡ ಹತ್ತಿ ಇಳಿದಳಂತೆ ದಿನಾ. ನನಗೆ ಹೇಳಲಿಲ್ಲ ಅವಳು. ಜೂನ್‌ನಲ್ಲಿ ಹಗ್ಗದಾಟ ಆಡುವಾಗ ಅವಳ ಉಸಿರು ನೋಡಿಯೇ ಗೊತ್ತಾಯ್ತು. ಇಷ್ಟು ತಾನಾಗೇ ಮಾಡಿಕೊಂಡ ಹುಡುಗಿಯನ್ನ ಬೇಡ ಅನ್ನೋಕೆ ನನ್ನ ಮನಸ್ಸು ಒಪ್ಪೋದಿಲ್ಲ.

ಹಾಗಾದರೆ ಒಂದು ಒಪ್ಪಂದ ಮಾಡಿಕೊಳ್ಳುವ. ವಾರದಲ್ಲಿ ಆರೂ ದಿನ ಬೇಡ, ನಾಲ್ಕು ದಿನ ಕಳಿಸಿ. ಬೆಳಿಗ್ಗೆ ಆರೂಕಾಲಿಗೆ ಬರಲಿ, ಏಳೂಕಾಲಿಗೆ ನಾನೇ ಬಿಡ್ತೇನೆ. ನಾವು ಬೇಲಿ ಪಕ್ಕದವರು, ದಾರಿ ಒಂದೇ. ಬರುವಾಗ ಒಂದು ಬಾಳೆಹಣ್ಣು ತಿಂದು ಬರಲಿ, ಆಮೇಲೆ ನೆನೆಸಿದ ಕಡಲೆಕಾಳು. ಮಧ್ಯಾಹ್ನ ಊಟದ ಜೊತೆ ಮೊಟ್ಟೆ ಈಗ ಹತ್ತನೇಯವರಿಗೂ ಸಿಗ್ತದೆ, ತಿನ್ನು ಅಂತ ಹೇಳಿ. ಕಿರುಪರೀಕ್ಷೆಯ ಅಂಕ ಕಡಿಮೆ ಆದರೆ ನಾನೇ ಬಂದು ನಿಮ್ಮ ಹತ್ತಿರ ಹೇಳ್ತೇನೆ, ಅಭ್ಯಾಸ ಎರಡು ದಿನಕ್ಕೆ ಇಳಿಸುವ. ಅಕ್ಟೋಬರ್ ಕಳೆದ ಮೇಲೆ ಕೂಟ ಇರೋದಿಲ್ಲ, ಮನಸ್ಸು ಹಗುರ ಆಗೋಷ್ಟು ಓಡಿದರೆ ಸಾಕು. ಪಿಯುಸಿಗೆ ಹೋದರೆ ಅಲ್ಲಿಯೂ 19ರ ಒಳಗಿನವರ ಕೂಟ ಇದೆ, ಈಗ ಬಿಟ್ಟರೆ ಆಗ ಕಾಲು ಮಾತು ಕೇಳೋದಿಲ್ಲ.

ಜನ್ಮ ದಿನಾಂಕದ ಪತ್ರ, ಆಧಾರ್ ಜೆರಾಕ್ಸು, ಎರಡು ಫೋಟೊ ಬೇಕು. ಒಪ್ಪಿಗೆ ಪತ್ರ ಇಲ್ಲೇ ತಂದಿದ್ದೇನೆ, ಬೇಲಿ ಮೇಲಿಂದ ಕೊಡ್ತೇನೆ ಹಿಡ್ಕೊಳ್ಳಿ. ನೀವು ಸಹಿ ಹಾಕಿದರೂ ನಡೀತದೆ, ಅವಳ ಅಪ್ಪನೇ ಆಗಬೇಕು ಅಂತಿಲ್ಲ. ಆದರೂ ಅವರ ಹತ್ತಿರ ನಾನೇ ಒಂದು ಮಾತು ಹೇಳ್ತೇನೆ, ಸಂಜೆ ತೋಟದಿಂದ ಬಂದ ಮೇಲೆ ಕರೀರಿ.