ಭಾವಯ್ಯನ ಐಎಸ್‌ಒ

ಜೂನ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಹೋಂಸ್ಟೇಗಳಲ್ಲಿ ಉಂಬಳಕ್ಕಿಂತ ಫೋಟೋಗ್ರಾಫರುಗಳೇ ಹೆಚ್ಚು. ಉಂಬಳವಾದರೂ ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರುತ್ತದೆ. ಇವರು ‘ಇನ್ನೊಂದೇ ಒಂದು, ಅಲ್ಲೇ ಇರಿ’ ಅನ್ನುತ್ತ ಬಿಡುವುದೇ ಇಲ್ಲ.

ನಮ್ಮ ಭಾವಯ್ಯನೂ ಈಗ ಆ ಪಂಗಡಕ್ಕೆ ಸೇರಿದ್ದಾರೆ. ಬೆಂಗಳೂರಿನಲ್ಲಿ ಶನಿವಾರ ಭಾನುವಾರದ ಬೇಸಿಕ್ ಕೋರ್ಸು ಮುಗಿಸಿದರು. ಆಮೇಲೆ ‘ಮಾನ್ಸೂನ್ ಟ್ರಾವೆಲ್ ವರ್ಕ್‌ಶಾಪ್’ ಅಂತ ದುಡ್ಡು ಕಟ್ಟಿ, ಬಸ್ಸು ಹತ್ತಿ, ಬಂದಿಳಿದದ್ದು ಎಲ್ಲಿಗೆ? ಹೆಂಡತಿಯ ತವರೂರಿಗೆ! ಸುಮ್ಮನೆ ನೆಂಟರಾಗಿ ಬಂದಿದ್ದರೆ ದುಡ್ಡೂ ಉಳಿಯುತ್ತಿತ್ತು, ಕೊಟ್ಟೆ ಕಡುಬೂ ಸಿಗುತ್ತಿತ್ತು. ಹಾಗಂದರೆ, ‘ಮೆಂಟರ್ ಬೇಕಲ್ಲ ಮಾರಾಯ’ ಎಂದರು. ಮೆಂಟರ್ ಆಸಾಮಿ ದಾರಿ ಕೇಳಿದ್ದು ನನ್ನ ಹತ್ತಿರ.

ಮೊದಲ ಪಾಠ ಅಪರ್ಚರ್. ಎಫ್ 2.8 ಅಂದರೆ ದೊಡ್ಡ ಕಂಡಿ, ಎಫ್ 16 ಅಂದರೆ ಸಣ್ಣ ಕಂಡಿ. ಅಂಕೆ ಹಿಗ್ಗಿದ ಹಾಗೆ ಕಂಡಿ ಕುಗ್ಗುವ ಈ ಮಾಯೆಯನ್ನು ಭಾವಯ್ಯ ಜಗಲಿಯ ಮೇಲೆ ಕೂತು ಅರ್ಧ ಗಂಟೆ ವಿವರಿಸಿದರು. ಶಾಲೆಯಲ್ಲಿ ಲೆಕ್ಕ ಹೇಳಿ ನಿವೃತ್ತಳಾದ ಅಮ್ಮ ಅಡಿಕೆ ಸುಲಿಯುತ್ತಲೇ, ‘ಭಾಗಾಕಾರ ಅಲ್ದಾ ಅದು?’ ಎಂದಳು. ಹೌದು, ಅಷ್ಟೇ. ಲೆನ್ಸಿನ ಫೋಕಲ್ ಲೆಂತನ್ನು ಕಂಡಿಯ ಅಗಲದಿಂದ ಭಾಗಿಸಿದರೆ ಬರುವ ಅಂಕೆ ಅದು. ಭಾಜಕ ಸಣ್ಣದಾದರೆ ಭಾಗಲಬ್ಧ ದೊಡ್ಡದು. ಕೋರ್ಸಿನ ಫೀಸು ನೆನಪಾಯಿತೋ ಏನೋ, ಭಾವಯ್ಯ ಎದ್ದು ಅಂಗಳಕ್ಕೆ ಹೋದರು.

ಮಲೆನಾಡಿಗೆ ಬಂದ ಹೊಸಬರಿಗೆ ನಿಜವಾದ ಕಾಟ ಕೊಡುವುದು ಮೀಟರು. ಕ್ಯಾಮೆರಾದೊಳಗಿನ ಈ ಮೀಟರಿಗೆ ಲೋಕವೆಲ್ಲ ಸರಾಸರಿ ನಡುಬೂದು ಎಂಬ ದೃಢ ನಂಬಿಕೆ. 18 ಪರ್ಸೆಂಟ್ ಗ್ರೇ ಅಂತ ಕೋರ್ಸಿನಲ್ಲಿ ಬಾಯಿಪಾಠ ಮಾಡಿಸುತ್ತಾರೆ. ನಮ್ಮಲ್ಲಿ ಆ ನಡುವಿನದೇ ಅಭಾವ. ಇದ್ದರೆ ಬೆಳ್ಳಗಿನ ಮಂಜು, ಇಲ್ಲವೆಂದರೆ ತೋಟದ ಕಪ್ಪು. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಜೀಪಿನಲ್ಲಿ ಎಲುಬು ಸಡಿಲವಾಗುವಂತೆ ಕುಲುಕಿಸಿಕೊಂಡು ಹೋಗಿ ತೆಗೆದ ಮಂಜು, ಫೋಟೋದಲ್ಲಿ ತೊಳೆಯದ ಬನಿಯನ್ನಿನ ಬಣ್ಣಕ್ಕೆ ಬಂದಿತ್ತು. ಬಿಳಿಯನ್ನು ಬಿಳಿಯಾಗಿಸಲು ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಮೇಲಕ್ಕೆ ತಳ್ಳಬೇಕು. ಕತ್ತಲೆಯಲ್ಲಿ ಇದರ ತಿರುವುಮುರುವು, ಕೆಳಕ್ಕೆ ಇಳಿಸಬೇಕು. ಇಳಿಸದೆ, ಐಎಸ್‌ಒ ಬೇರೆ ಏರಿಸಿ ಭಾವಯ್ಯ ನಮ್ಮ ಅಡುಗೆಮನೆಯ ಫೋಟೋ ತೆಗೆದರು. ಅಜ್ಜನ ಕಾಲದಿಂದ ಯಾರ ಕಣ್ಣಿಗೂ ಬೀಳದಿದ್ದ ಮಸಿ, ಜೇಡರ ಬಲೆ ಎಲ್ಲ ಒಂದೂ ಬಿಡದೆ ಮೂಡಿದ್ದವು. ಅದು ವರ್ಕ್‌ಶಾಪಿನ ಗ್ರೂಪಿಗೂ ಹೋಯಿತೆಂದು ಗೊತ್ತಾದಾಗ ಅಮ್ಮ ಅಳಿಯನೊಡನೆ ಮಾತು ಬಿಟ್ಟಳು.

ಜೋಗ ಸಿಲೆಬಸ್ಸಿನಲ್ಲಿ ಕಡ್ಡಾಯ. ಟ್ರೈಪಾಡ್ ಊರಿ, ಲೆನ್ಸಿಗೆ ಕಪ್ಪು ಎನ್‌ಡಿ ಫಿಲ್ಟರ್ ತೊಡಿಸಿ, ಶಟರನ್ನು ಒಂದು ಸೆಕೆಂಡು ತೆರೆದಿಟ್ಟರೆ ನೀರು ರೇಷ್ಮೆಯಾಗುತ್ತದಂತೆ. 253 ಮೀಟರ್ ಮೇಲಿಂದ ಎದೆ ನಡುಗಿಸುತ್ತ ಬೀಳುವುದಕ್ಕೇ ಜೋಗದ ಒಂದು ಕವಲಿಗೆ ರೋರರ್ ಅಂತ ಹೆಸರಾಯಿತು. ಅದನ್ನು ಹಿಡಿದು ಮದುವೆ ಸೀರೆ ಮಾಡುವುದು ಯಾವ ಸೀಮೆಯ ಕಲೆಯೋ! ಅದೂ ಕಂಡರೆ ತಾನೆ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಶರಾವತಿಗೆ ಮೊದಲು ಕರೆಂಟಿನ ಕೆಲಸ, ಆಮೇಲೆ ಧುಮುಕುವ ಕೆಲಸ. ಹಾಗಾಗಿ ಬೇಸಿಗೆಯಲ್ಲಿ ಬಂದರೆ ಬಂಡೆ ಚೆನ್ನಾಗಿ ಕಾಣುತ್ತದೆ, ನೀರಿಲ್ಲ. ಮಳೆಗಾಲದಲ್ಲಿ ನೀರಿರುತ್ತದೆ, ಮಂಜಿನ ಹಿಂದೆ. ಭಾವಯ್ಯ ಶಬ್ದ ಬಂದ ದಿಕ್ಕಿಗೆ ಕ್ಯಾಮೆರಾ ಹಿಡಿದರು.

ಆಗುಂಬೆಯದು ಇನ್ನೂ ಸೊಗಸು. ಸೂರ್ಯಾಸ್ತಕ್ಕೆ ಹೆಸರಾದ ಊರಿಗೆ ಸೂರ್ಯನೇ ಇಲ್ಲದ ತಿಂಗಳಲ್ಲಿ ಬರುವುದು ಹೋಗಲಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವಲ್ಲಿ, ಕಪ್ಪೆಯ ಬೆನ್ನ ಮೇಲೆ ಹನಿ ಸಾಲದೆಂದು ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆಯುವವರನ್ನು ಏನನ್ನಬೇಕು? ಗುಳಿಮಂಡಲದ ಹಾವು ಒಂದೇ ಕೊಂಬೆಯಲ್ಲಿ ದಿನಗಟ್ಟಲೆ ಅಲುಗದೆ ಕೂರುತ್ತದೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಮಾಡೆಲ್ ಇಲ್ಲ. ಅದನ್ನೂ ಕಡ್ಡಿಯಿಂದ ಜರುಗಿಸಿ ‘ಬ್ಯಾಕ್‌ಗ್ರೌಂಡ್ ಕ್ಲೀನ್’ ಮಾಡುವ ಗುರುಗಳಿದ್ದಾರೆ. ತಮಾಷೆ ಸಾಕು, ಇದು ಶುದ್ಧ ಅನಾಚಾರ. ಹೊಸನಗರದವರ ಸಂಕಟವೇ ಬೇರೆ. ಎಷ್ಟೋ ವರ್ಷ ಆಗುಂಬೆಗಿಂತ ಹೆಚ್ಚು ಮಳೆ ಬೀಳುವುದು ಅವರ ಹುಲಿಕಲ್ಲಿನಲ್ಲಿ, ಕ್ಯಾಮೆರಾ ತಿರುಗುವುದು ಮಾತ್ರ ಆಗುಂಬೆ ಕಡೆಗೆ.

ಸಿಗಂದೂರಿನ ದಾರಿಯಲ್ಲಿ ಭಾವಯ್ಯನ ತಂಡಕ್ಕೆ ಸೂತಕದ ಕಳೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತಲ್ಲ, ಎರಡು ಕಿಲೋಮೀಟರಿಗೂ ಉದ್ದದ್ದು. ‘ಛೇ, ಬಸ್ಸು, ದನ, ಜನ ಎಲ್ಲ ತುಂಬಿಕೊಂಡ ಲಾಂಚು ಹಿನ್ನೀರಿನ ಮಧ್ಯೆ ಬರ್ತಿತ್ತು. ಎಂಥಾ ಫ್ರೇಮು ಹೋಯ್ತು!’ ಎಂದು ಒಬ್ಬರು ಕೊರಗಿದರು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ತುಮರಿ ಕಡೆಯ ಹಿರಿಯರು ಲೋಟ ಇಟ್ಟು ಹೇಳಿದರು: ‘ಹೌದು ಸ್ವಾಮಿ, ಭಾರೀ ಚಂದ. ಕತ್ತಲಾದ ಮೇಲೆ ಹೆರಿಗೆ ನೋವು ಬಂದವರನ್ನ ಕಟ್ಕೊಂಡು ದಡದಲ್ಲಿ ನಿಂತಿದ್ದಿದ್ರೆ ಇನ್ನೂ ಚಂದದ ಫೋಟೋ ಸಿಕ್ತಿತ್ತು ನಿಮಗೆ.’ ಯಾರೂ ಕ್ಯಾಮೆರಾ ಎತ್ತಲಿಲ್ಲ.

ಕೋರ್ಸುಗಳ ಮೇಲೆ ನನಗೆ ಹಗೆಯೇನಿಲ್ಲ. ಈ ಸೀಮೆಯಲ್ಲೇ, ಸಾಗರದ ಪಕ್ಕದ ಹೆಗ್ಗೋಡಿನಲ್ಲಿ, ಕೆ.ವಿ. ಸುಬ್ಬಣ್ಣನವರ ನೀನಾಸಂ 1979ರಲ್ಲೇ ಸಿನಿಮಾ ರಸಗ್ರಹಣ ಶಿಬಿರ ನಡೆಸಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಬಂದು ಪಾಠ ಹೇಳಿದರು. ಕಲಿಸಿದ್ದು ಕ್ಯಾಮೆರಾ ಹಿಡಿಯುವುದನ್ನಲ್ಲ, ಬೇರೆಯವರು ಹಿಡಿದಿದ್ದನ್ನು ನೋಡುವುದನ್ನು. ಈ ಫ್ರೇಮು ಯಾಕೆ ಹೀಗಿದೆ, ಬೆಳಕು ಯಾಕೆ ಆ ಮೂಲೆಯಿಂದ ಬಂತು ಅಂತ ಊರಿನವರು ಜಗಳ ಕಾಯುತ್ತಿದ್ದರು. ನಮ್ಮ ಭಾವಯ್ಯನನ್ನು ‘ನಿಮಗೆ ಇಷ್ಟವಾದ ಫೋಟೋ ಯಾರದ್ದು?’ ಎಂದು ಕೇಳಿದರೆ ಲೆನ್ಸಿನ ಹೆಸರು ಹೇಳುತ್ತಾರೆ. ಕುಪ್ಪಳಿಯ ಕವಿಶೈಲದಲ್ಲಿ ಕಲ್ಲುಕಂಬಗಳ ನಡುವೆ ಆಚೆಯಿಂದೊಂದು ಈಚೆಯಿಂದೊಂದು ಕ್ಲಿಕ್ಕಿಸಿ ಬಂದರು. ಅಲ್ಲಿಯವರೇ ಆದ ತೇಜಸ್ವಿ 36 ಫೋಟೋದ ರೀಲಿನ ಕಾಲದಲ್ಲಿ ಹಕ್ಕಿಗಳಿಗಾಗಿ ಕಾದು ಕೂತವರು. ಅವರು ತೆಗೆದ ಒಂದು ಹಕ್ಕಿಯನ್ನೂ ಇವರು ನೋಡಿರಲಿಲ್ಲ. ಕೇಸಲೂರಿನಲ್ಲಿ ಹುಟ್ಟಿದ ಗಿರೀಶ ಕಾಸರವಳ್ಳಿಯವರ ‘ದ್ವೀಪ’ಕ್ಕೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ಬಂದಿತ್ತು. ಎಚ್.ಎಂ. ರಾಮಚಂದ್ರ ಹಿಡಿದ ಆ ಮಳೆಯನ್ನು ಒಂದು ಸಂಜೆ ಕೂತು ನೋಡಿ ಎಂದೆ. ‘ಯಾವ ಕ್ಯಾಮೆರಾದಲ್ಲಿ ತೆಗೆದಿದ್ದಂತೆ?’ ಎಂದು ಕೇಳಿದರು.

ಈ ನಡುವೆ ಲೆನ್ಸಿಗೆ ಬೂಷ್ಟು ಹಿಡಿಯಿತು. ಮಲೆನಾಡಿನ ಮಳೆಗಾಲದ ತೇವಕ್ಕೆ ಉಪ್ಪಿನಕಾಯಿಯೂ ಒಂದೇ, ಲಕ್ಷ ರೂಪಾಯಿಯ ಗಾಜೂ ಒಂದೇ. ಸಿಲಿಕಾ ಜೆಲ್ ಪೊಟ್ಟಣಗಳು ಎರಡೇ ದಿನಕ್ಕೆ ಸೋತವು. ಮಾತು ಬಿಟ್ಟಿದ್ದ ಅಮ್ಮ ಅಕ್ಕನ ಮೂಲಕ ಸಲಹೆ ಕಳಿಸಿದಳು: ‘ಒಲೆ ಮೇಲಿನ ಅಟ್ಟದಲ್ಲಿಡಕ್ಕೆ ಹೇಳು, ಹೊಗೆಗೆ ಬೂಷ್ಟು ಬರಲ್ಲ. ಬೇಕಿದ್ರೆ ಅಲ್ಲಿಂದಲೇ ಮಸಿಯ ಫೋಟೋನೂ ತೆಗೀಬಹುದು.’

ಮುಂದಿನ ವರ್ಕ್‌ಶಾಪ್ ಲಡಾಖಿನಲ್ಲಂತೆ. ತೇವವೂ ಇಲ್ಲ, ಅತ್ತೆಮನೆಯೂ ಇಲ್ಲ. ಭಾವಯ್ಯ ಆಗಲೇ ದುಡ್ಡು ಕಟ್ಟಿದ್ದಾರೆ. ಆ ವಾರ ಅಕ್ಕ ಒಬ್ಬಳೇ ತವರಿಗೆ ಬರುತ್ತಾಳೆಂದು ತಿಳಿದ ಅಮ್ಮ, ಲಡಾಖಿನ ಖರ್ಚಿಗೆ ತನ್ನದೂ ಐನೂರು ಇರಲಿ ಎಂದು ಕಳಿಸಿಕೊಟ್ಟಿದ್ದಾಳೆ.