ಎಕ್ಸ್‌ಎಫ್‌ಸಿಇ ಮೀಮಾಂಸೆ: ಏನೂ ಆಗದಿರುವುದರ ಹಿರಿಮೆ

ಡೆಸ್ಕ್‌ಟಾಪ್‌ಗಳಲ್ಲೆಲ್ಲ ಏನೂ ಘಟಿಸದ ಡೆಸ್ಕ್‌ಟಾಪೇ ಶ್ರೇಷ್ಠವೆಂಬುದು ಈ ಪ್ರಬಂಧದ ಪ್ರತಿಜ್ಞೆ. ಲಿನಕ್ಸ್ ಲೋಕದ ಎಕ್ಸ್‌ಎಫ್‌ಸಿಇ ಅದಕ್ಕೆ ದೃಷ್ಟಾಂತ. 1996ರಲ್ಲಿ ಒಲಿವಿಯೆ ಫೂರ್ದಾಂ ಇದನ್ನು ಶುರುಮಾಡಿದರು, ಮುಂದೆ ಜಿಟಿಕೆ ಎಂಬ ಇಂಟರ್‌ಫೇಸ್ ಪರಿಕರದ ಆಧಾರದ ಮೇಲೆ ತಿರುಗಿ ಬರೆದರು. ಅದೆಲ್ಲ ಬರೀ ಇತಿಹಾಸ. ವಿದ್ವಾಂಸರು ಕಣ್ಣಿಡಬೇಕಾದ್ದು 4.12ನೇ ಆವೃತ್ತಿ ಬಂದ ಫೆಬ್ರವರಿ 2015ಕ್ಕೂ 4.14 ಬಂದ ಆಗಸ್ಟ್ 2019ಕ್ಕೂ ನಡುವಿನ ಕಾಲದ ಮೇಲೆ. ಯೋಜನೆ ಸತ್ತೇಹೋಯಿತೆಂದು ಪಾಮರರು ಮರುಗಿದ ಈ ನಾಲ್ಕೂವರೆ ವರ್ಷಗಳನ್ನು ನಾವು ಸುವರ್ಣಯುಗವೆಂದು ಕರೆಯತಕ್ಕದ್ದು. ನಿನ್ನೆ ಇದ್ದ ಕಡೆಯೇ ಇವತ್ತೂ ಮೆನು ಇತ್ತು. ಪ್ರಜೆಗಳು ಇನ್ನೇನು ಕೇಳಿಯಾರು? ಗ್ನೋಮ್ ಎಂಬ ಮತ್ತೊಂದು ಡೆಸ್ಕ್‌ಟಾಪಿನ ಸಂಪ್ರದಾಯದವರು 2011ರಲ್ಲಿ ಮೂರನೇ ಅವತಾರ ಎತ್ತಿ ಕಿಟಕಿಯನ್ನು ಕೆಳಗಿಳಿಸುವ ಗುಂಡಿಯನ್ನೇ ಕಿತ್ತುಹಾಕಿದಾಗ, ಸಾಕ್ಷಾತ್ ಲಿನಕ್ಸ್ ಜನಕ ಲೈನಸ್ ಟೊರ್ವಾಲ್ಡ್ಸ್ ಬೇಸತ್ತು ಬಂದು ಸೇರಿದ್ದು ಈ ಪಕ್ಷಕ್ಕೇ. ಆತ ಆಮೇಲೆ ಗ್ನೋಮ್‌ಗೆ ಮರಳಿದರಲ್ಲ ಎಂದು ಕೊಂಕು ತೆಗೆಯುವವರುಂಟು. ಹೋದವರನ್ನು ಹಿಡಿದು ನಿಲ್ಲಿಸದಿರುವುದೂ ಏನೂ ಮಾಡದಿರುವುದರ ಒಂದು ಪ್ರಕಾರವೇ ಆದ್ದರಿಂದ ನಮ್ಮ ಪ್ರತಿಜ್ಞೆಗೆ ಬಾಧೆಯಿಲ್ಲ.

ನೋಟ ಹಳೆಯದೆಂಬ ಆಕ್ಷೇಪ ಚಿಲ್ಲರೆಯದು. ಕಿಟಕಿಯ ಶೀರ್ಷಿಕೆ ಪಟ್ಟಿಯ ಮೇಲೆ ಮೌಸಿನ ಚಕ್ರವನ್ನು ಮೇಲಕ್ಕೆ ತಿರುಗಿಸಿ ನೋಡಲಿ: ಕಿಟಕಿಯ ಒಡಲೆಲ್ಲ ಮಡಚಿಕೊಂಡು ಪಟ್ಟಿಯೊಂದೇ ಉಳಿಯುತ್ತದೆ, ಕೆಳಕ್ಕೆ ತಿರುಗಿಸಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಕಿಟಕಿಗಳ ನೆರಳು ಭಾರವೆನಿಸಿದರೆ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ಗೆ ಹೋಗಿ ಕಂಪೋಸಿಟಿಂಗ್ ಎದುರಿನ ಒಂದು ಗುರುತು ತೆಗೆದರಾಯಿತು. ನೆರಳನ್ನೂ ಬಿಟ್ಟ ವೈರಾಗ್ಯ ಬೇರೆ ಯಾವ ಮಠದಲ್ಲಿದೆಯೋ ಗೊತ್ತಿಲ್ಲ.

ನಿಜವಾಗಿ ಗಟ್ಟಿಯಾದ ಪೂರ್ವಪಕ್ಷ ಬೇರೆಯಿದೆ. ಡೆಸ್ಕ್‌ಟಾಪ್ ಉಪವಾಸವಿದ್ದು ಉಳಿಸಿದ ರ್‍ಯಾಮನ್ನೆಲ್ಲ ಬ್ರೌಸರ್ ಒಂದೇ ತುತ್ತಿಗೆ ನುಂಗುತ್ತದೆ, ಇಪ್ಪತ್ತು ಟ್ಯಾಬ್ ತೆರೆದವನಿಗೆ ಹಗುರ ಡೆಸ್ಕ್‌ಟಾಪಿನಿಂದ ಏನು ಲಾಭ ಎಂಬುದು. ಸಿದ್ಧಾಂತಿಯ ಉತ್ತರ ಹೀಗೆ: ಎಕ್ಸ್‌ಎಫ್‌ಸಿಇ ಲಾಂಛನದಲ್ಲಿರುವುದು ಇಲಿ. ಲಂಬೋದರನಿಗೆ ವಾಹನವಾದದ್ದೂ ಆನೆಯಲ್ಲ, ಇಲಿಯೇ. ಮೇಲೆ ಕೂರುವವರ ಹೊಟ್ಟೆ ದೊಡ್ಡದಿದ್ದಷ್ಟೂ ವಾಹನ ತನಗೆಂದು ಕಡಿಮೆ ತಿನ್ನಬೇಕಾಗುತ್ತದೆ. ಎರಡು ಜಿಬಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಡೆಸ್ಕ್‌ಟಾಪೂ ಬ್ರೌಸರೂ ಉಣ್ಣಲು ಪೈಪೋಟಿಗಿಳಿದರೆ ಮೌಸಿನ ಬಾಣ ನಿಂತಲ್ಲೇ ನಿಲ್ಲುತ್ತದೆ. ಹೀಗೆ, ಆಕ್ಷೇಪವೇ ನಮ್ಮ ವಾದಕ್ಕೆ ಪ್ರಮಾಣವಾಗಿ ಒದಗಿತು.

ಇನ್ನೂ ಸಂಶಯ ಉಳಿದವರು 2024ರ ಡಿಸೆಂಬರಿನಲ್ಲಿ ಬಂದ 4.20ನ್ನು ಹಾಕಿಕೊಂಡು ನೋಡಬಹುದು. ಅದರ ಮುಖ್ಯ ಕೆಲಸವೆಲ್ಲ ನಡೆದದ್ದು ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆಗೆ ಸಜ್ಜಾಗಲು, ತೆರೆಯ ಹಿಂದೆ. ಮೆನು ಮಾತ್ರ ಇದ್ದಲ್ಲೇ ಇದೆ.