ಕೌಂಟರಿನ ಹಿಂದಿರುವ ಕಣ್ಣಿನ ಡಾಕ್ಟರಿಗೆ

ಮಾನ್ಯ ಮೆಡಿಕಲ್ ಶಾಪ್ ಮಾಲೀಕರೇ,

ಕಣ್ಣು ಕೆಂಪಗಾಗಿ ಬಂದವರನ್ನು ನಿಂತಲ್ಲಿಂದಲೇ ನೋಡಿ, 'ಹೀಟಾಗಿದೆ' ಅಂತ ಸ್ಟಿರಾಯ್ಡ್ ಡ್ರಾಪ್ಸ್ ಕೊಟ್ಟು ಕಳಿಸುವ ನಿಮ್ಮ ದಿವ್ಯದೃಷ್ಟಿಗೆ ನಮಸ್ಕಾರ. ಕಣ್ಣಾಸ್ಪತ್ರೆಯವರಿಗೆ ಈ ಸಿದ್ಧಿ ಇಲ್ಲ, ಪಾಪ. ಪಾಪೆ ಅರಳಿಸುವ ಹನಿ ಹಾಕಿ, ಕಣ್ಣು ಮುಚ್ಚಿಸಿ ಬೆಂಚಿನ ಮೇಲೆ ಕೂರಿಸಿ, ಆಮೇಲೆ ಓಸಿಟಿ ಯಂತ್ರದ ಮೇಲೆ ಗದ್ದ ಇಡಿಸಿ, ಅಕ್ಷಿಪಟಲದ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆದ ಮೇಲೇ ಬಾಯಿ ಬಿಡುತ್ತಾರೆ. ತೆರೆಯ ಮೇಲೆ ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾದ ತಗ್ಗು ಮಾಯವಾಗಿ, ಕಪ್ಪು ಗುಳ್ಳೆಗಳೆದ್ದ ದಿಬ್ಬ ಕಾಣುತ್ತದೆ. ಯುವೈಟಿಸ್ ಎಂಬ ಒಳಗಿನ ಉರಿಯೂತದಿಂದ ರಕ್ತನಾಳ ಸೋರಿ ತುಂಬಿದ ನೀರು ಅದು. ಹೊರಗೆ ಕಣ್ಣು ಬೆಳ್ಳಗೇ ಇರಬಹುದು. ಆ ಕಣ್ಣಿಂದ ನೋಡುವವನಿಗೆ ಮಾತ್ರ ಬಾಗಿಲ ಚೌಕಟ್ಟು ಸೊಟ್ಟ, ಪೇಪರಿನ ಸಾಲು ಡೊಂಕು.

ನಿಮ್ಮ ಹನಿ ಕಣ್ಣಿನ ಹಿಂಭಾಗದ ಆ ಊತದವರೆಗೆ ಮುಟ್ಟುವುದು ಅಷ್ಟಕ್ಕಷ್ಟೆ. ಆದರೇನು, ಕೆಂಪು ಇಳಿಯುತ್ತದಲ್ಲ, ಗಿರಾಕಿ ಖುಷಿ.

ತಮಾಷೆ ಏನೆಂದರೆ ಆಸ್ಪತ್ರೆಯವರೂ ನೆಚ್ಚುವುದು ಸ್ಟಿರಾಯ್ಡನ್ನೇ. ಎಂಥ ಪುಕ್ಕಲು ಜನ ನೋಡಿ! ಮೊದಲು ಕ್ಷಯ ಇದೆಯೇ, ಸಿಫಿಲಿಸ್ ಇದೆಯೇ ಅಂತ ರಕ್ತ, ಎಕ್ಸ್‌ರೇ. ಸೋಂಕು ಒಳಗಿರುವಾಗ ಬರೀ ಸ್ಟಿರಾಯ್ಡ್ ಕೊಟ್ಟರೆ ಅದು ಹೆಚ್ಚಿಕೊಳ್ಳುತ್ತದೆ ಎಂಬ ಭಯ. ಅದೆಲ್ಲ ಮುಗಿದ ಮೇಲೆ 0.7 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ತುಂಬಿದ, ತಾನೇ ಕರಗುವ ಸಣ್ಣ ಕಡ್ಡಿಯನ್ನು ಕಣ್ಣಿನೊಳಕ್ಕೇ ಚುಚ್ಚುತ್ತಾರೆ. ಅದಕ್ಕೂ ಪುರಾವೆ ಬೇಕು ಇವರಿಗೆ! 2019ರಲ್ಲಿ ಪ್ರಕಟವಾದ 'ಪಾಯಿಂಟ್' ಅಧ್ಯಯನದಲ್ಲಿ, ಕಣ್ಣುಗುಡ್ಡೆಯ ಹೊರಗೆ ಚುಚ್ಚಿದ ಸ್ಟಿರಾಯ್ಡ್ ಎಂಟು ವಾರದಲ್ಲಿ ಮ್ಯಾಕ್ಯುಲಾದ ದಪ್ಪವನ್ನು 23% ಇಳಿಸಿದರೆ ಈ ಕಡ್ಡಿ 46% ಇಳಿಸಿತು. ಇನ್ನೊಂದು ಅಧ್ಯಯನದಲ್ಲಿ, ಚಿಕಿತ್ಸೆಯ ನಂತರವೂ ಊತ ಉಳಿದವರಲ್ಲಿ ಮೆಥೊಟ್ರೆಕ್ಸೇಟ್, ರಾನಿಬಿಜುಮಾಬ್ ಇಂಜೆಕ್ಷನ್‌ಗಳನ್ನು ಇದರೆದುರು ಇಟ್ಟು ನೋಡಿದರು. ಅಲ್ಲೂ ಗೆದ್ದದ್ದು ಕಡ್ಡಿಯೇ.

ಗೆದ್ದರೂ ಸಮಾಧಾನವಿಲ್ಲ. ಪ್ರತಿ ಭೇಟಿಯಲ್ಲೂ ಸ್ಟಿರಾಯ್ಡಿನಿಂದ ಕಣ್ಣಿನ ಪ್ರೆಶರ್ ಏರಿದೆಯೇ ಅಂತ ನೋಡುತ್ತಾರೆ, ಪೊರೆ ಬೆಳೆಯುತ್ತಿದೆಯೇ ಅಂತ ಟಾರ್ಚ್ ಬಿಡುತ್ತಾರೆ. ಊತ ಇಳಿದ ಮೇಲೂ ಉರಿಯೂತದ ಮೂಲ ಹುಡುಕುತ್ತಲೇ ಇರುತ್ತಾರೆ. ನೀವೋ ಮೂರನೆಯ ಬಾಟಲಿಯನ್ನೂ ನಗುನಗುತ್ತಲೇ ಕೊಡುತ್ತೀರಿ.

ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಆ ಡಬ್ಬಿಯ ಮೇಲೇ ಅಚ್ಚಾಗಿದೆ. ಅಕ್ಷರ ತೀರಾ ಸಣ್ಣದು, ನಿಮ್ಮ ತಪ್ಪಲ್ಲ. ಒಮ್ಮೆ ಚೀಟಿ ಕೇಳಿಯೇಬಿಟ್ಟರೆ ವ್ಯಾಪಾರ ಕೆಡುತ್ತದೆಂಬ ಚಿಂತೆ ಸಹಜ. ಕೇಳದಿದ್ದರಂತೂ ಲಾಭವೇ: ಸ್ಟಿರಾಯ್ಡಿನಿಂದ ಪ್ರೆಶರ್ ಏರಿದವರು ಅದನ್ನು ಇಳಿಸುವ ಹನಿಗೂ ನಿಮ್ಮಲ್ಲಿಗೇ ಬರುತ್ತಾರೆ.

ಇತಿ,
ನಿಮ್ಮ ಹಳೇ ಗಿರಾಕಿ